ತಳದಲ್ಲಿ ಕೂತ ಜೇನು: ಒಂದು ಹೋಂಸ್ಟೇ ತಿಂಡಿಯ ಪ್ರಕರಣ

ನಮ್ಮದು ಚೇರಂಬಾಣೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಮಧ್ಯೆ ಇರುವ ಮೂರು ರೂಮಿನ ಹೋಂಸ್ಟೇ. ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಒಂದು ಕುಟುಂಬ ಬಂದು ಎರಡು ರಾತ್ರಿ ಇತ್ತು. ಖುಷಿಯಾಗಿಯೇ ಟಾಟಾ ಮಾಡಿ ಹೋದರು. ಅವರ ಕಾರು ಕುಶಾಲನಗರ ದಾಟುವಷ್ಟರಲ್ಲಿ ನನ್ನ ಫೋನಿಗೆ ರಿವ್ಯೂ ಬಂತು. ಒಂದೇ ಸ್ಟಾರ್. "ಜಾಗ ಚೆನ್ನಾಗಿದೆ. ಆದರೆ ಕೂರ್ಗ್ ಜೇನು ಅಂತ ಸಕ್ಕರೆ ಪಾಕ ಕೊಡ್ತಾರೆ. ಬಾಟಲಿ ತಳದಲ್ಲಿ ಸಕ್ಕರೆ ಕೂತಿದ್ದು ಕಣ್ಣಾರೆ ನೋಡಿದ್ವಿ."

ಓದಿ ಮೈ ಉರಿದುಹೋಯಿತು. ಹಿತ್ತಲ ಹಲಸಿನ ಮರದ ಕೆಳಗಿನ ಪೆಟ್ಟಿಗೆಯಿಂದ ಮೇ ತಿಂಗಳಲ್ಲಿ ಇವರೂ (ನಮ್ಮ ಯಜಮಾನರು) ನಾನೂ ಸೇರಿ ತೆಗೆದ ಜೇನು ಅದು. ಇವರ ಎಡಗಣ್ಣು ಎರಡು ದಿನ ಊದಿಕೊಂಡಿತ್ತು, ಅದು ಬೇರೆ.

ಉತ್ತರ ಬರೆಯೋಣ ಅಂತ ಕೂತೆ. ಆದರೆ ಬರೆಯುವ ಮೊದಲು ಕೈಯಲ್ಲಿ ಸಾಕ್ಷಿ ಬೇಕಲ್ವಾ? ಸಾಕ್ಷಿ ಹುಡುಕುವ ಕೆಲಸ ಏಪ್ರಿಲ್‌ವರೆಗೆ ಎಳೆಯಿತು. ಜೇನಿನ ಮರ್ಯಾದೆ ಉಳಿಸಲು ಹೊರಟವಳು ಕೊನೆಗೆ ನಾನೇ ಸಿಕ್ಕಿಬಿದ್ದೆ. ಹೇಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಜೇನಿನ ವಿಚಾರಣೆ

ಮೊದಲು ಆ "ಸಕ್ಕರೆ"ಯ ವಿಷಯ. ಜೇನಿನಲ್ಲಿ ಮುಖ್ಯವಾಗಿ ಇರುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಫ್ರಕ್ಟೋಸ್ ನೀರಿನಲ್ಲಿ ಆರಾಮಾಗಿ ಕರಗಿರುತ್ತದೆ. ಗ್ಲೂಕೋಸ್‌ಗೆ ಅಷ್ಟು ತಾಳ್ಮೆ ಇಲ್ಲ, ಚಳಿ ಬಿದ್ದರೆ ಹರಳಾಗಿ ತಳಕ್ಕೆ ಇಳಿಯುತ್ತದೆ. 14 ಡಿಗ್ರಿ ಆಸುಪಾಸಿನಲ್ಲಿ ಹರಳುಗಟ್ಟುವುದು ಜೋರು. ಡಿಸೆಂಬರ್ ಬೆಳಗ್ಗೆ ನಮ್ಮ ಊಟದ ಕೋಣೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಹರಳು ಮತ್ತೆ ಕರಗುತ್ತದೆ. ಅಂಗಡಿಯ ಕಾಯಿಸಿ ಸೋಸಿದ ಜೇನು ವರ್ಷವಿಡೀ ಕನ್ನಡಿಯ ಹಾಗೆ ನಿಂತಿರುವುದನ್ನೇ ನೋಡಿದವರಿಗೆ ನಮ್ಮ ಬಾಟಲಿ ಮೋಸದ ಹಾಗೆ ಕಂಡಿದ್ದು ತಪ್ಪೇನಲ್ಲ.

ಮಡಿಕೇರಿಗೆ ಹೋದಾಗ ಒಂದು ಅಂಗಡಿಯಿಂದ "ಕೂರ್ಗ್" ಅಂತ ದೊಡ್ಡದಾಗಿ ಬರೆದ ಜೇನಿನ ಬಾಟಲಿ ತಂದೆ. ಲೇಬಲ್ ಮೇಲೆ ಬೆಟ್ಟ, ಮಂಜು, ಹೂವು ಎಲ್ಲಾ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ವಾಟ್ಸಾಪ್‌ನಲ್ಲಿ ಓಡಾಡುವ ಮನೆ ಪರೀಕ್ಷೆಗಳನ್ನು ಮಾಡಿದೆ. ಅಸಲಿ ಜೇನು ಹರಿಯಬಾರದು, ನೀರಲ್ಲಿ ಕದಡಬಾರದು, ಬೆಂಕಿಗೆ ಹತ್ತಿಕೊಳ್ಳಬೇಕು ಅನ್ನುವಂಥವು. ಹೆಬ್ಬೆರಳ ಮೇಲೆ ಹನಿ ಹಾಕಿದೆ: ಅಂಗಡಿಯದು ಗಟ್ಟಿಯಾಗಿ ನಿಂತಿತು, ನಮ್ಮದು ಹರಿಯಿತು. ನೀರಿಗೆ ಬಿಟ್ಟೆ: ಅಂಗಡಿಯದು ದಾರದ ಹಾಗೆ ನೆಟ್ಟಗೆ ಇಳಿಯಿತು, ನಮ್ಮದು ಅರ್ಧದಲ್ಲೇ ಕದಡಿತು. ಬೆಂಕಿಕಡ್ಡಿ ಅದ್ದಿ ಗೀರಿದೆ: ಅಂಗಡಿಯದು ಹತ್ತಿಕೊಂಡಿತು, ನಮ್ಮದು ಚುರುಗುಟ್ಟಿ ಸುಮ್ಮನಾಯಿತು. ಇರುವೆಗಳು ಎರಡಕ್ಕೂ ಬಂದವು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹಾಗಾದ್ರೆ ಆ ಹುಡುಗ ಬರ್ದಿದ್ದು ಸರಿನೇ ಅನ್ನು" ಅಂದರು.

ತಲೆ ಕೆಟ್ಟು ಎರಡೂ ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಹೀಗೆ ಮಾಡಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮಿನಲ್ಲಿ ಕೊಂಡವರಿಗೇ ಈ ಹಕ್ಕಿದೆ. ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಕಾಯ್ದೆ ಮೀರಿದ್ದು ಕಂಡರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ, ಖಾಸಗಿಯಾಗಿ ಮಾಡಿಸಿದೆ. ನನಗೆ ಬೇಕಿದ್ದದ್ದು ರಿವ್ಯೂ ಕೆಳಗೆ ಅಂಟಿಸಲು ಒಂದು ಕಾಗದ ಅಷ್ಟೆ.

ಕಾಗದ ಬಂತು. ಅಂಗಡಿಯ ಜೇನು ಕೇಳಿದ ಪರೀಕ್ಷೆಗಳಲ್ಲೆಲ್ಲ ಪಾಸ್. ನಮ್ಮದು ಫೇಲ್. ತೇವಾಂಶ 22.4 ಶೇಕಡಾ ಇದೆ, ನಿಯಮದ ಪ್ರಕಾರ 20 ದಾಟಬಾರದು.

ಆ ದಿನ ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಕಾರಣ ಆಮೇಲೆ ಗೊತ್ತಾಯಿತು. ನಾವು ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು, ನಮ್ಮದೇ ನಾಡಿನ ಹುಳ. ಹೊರಗಿನಿಂದ ಬಂದ ಮೆಲ್ಲಿಫೆರಾ ಜೇನಿಗಿಂತ ಇದರಲ್ಲಿ ನೀರು ಸಾಮಾನ್ಯವಾಗಿ ಜಾಸ್ತಿ. ಅದರ ಮೇಲೆ ನಮ್ಮ ಅವಸರ. ಹುಳಗಳು ಮಕರಂದವನ್ನು ರೆಕ್ಕೆ ಬೀಸಿ ಆರಿಸಿ, ಹದ ಬಂದ ಮೇಲೆ ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಮಳೆ ಹಿಡಿಯುವ ಮೊದಲು ಮುಗಿಸೋಣ ಅಂತ ನಾವು ಅರ್ಧ ಮುಚ್ಚಿದ ಎರಿಯನ್ನೇ ತಿರುಗಿಸಿ ತೆಗೆದಿದ್ದೆವು. ನೀರು ಜಾಸ್ತಿ ಇದ್ದರೆ ಜೇನು ಬೆರಳ ಮೇಲೆ ಹರಿಯುತ್ತದೆ, ಗ್ಲಾಸಿನಲ್ಲಿ ಕದಡುತ್ತದೆ, ಬೆಂಕಿಗೆ ಚುರುಗುಟ್ಟುತ್ತದೆ. ಅಂದರೆ ಆ ಮನೆ ಪರೀಕ್ಷೆಗಳು ಅಳೆಯುವುದು ಗಟ್ಟಿತನವನ್ನು. ಗಟ್ಟಿ ಸಕ್ಕರೆ ಪಾಕ ಎಲ್ಲದರಲ್ಲೂ ಫಸ್ಟ್ ಕ್ಲಾಸ್ ಪಾಸಾಗುತ್ತದೆ.

ಅಂಗಡಿಯ ಬಾಟಲಿ ಕಲಬೆರಕೆ ಅಂತ ನಾನು ಹೇಳುತ್ತಿಲ್ಲ. ಪಾಸಾದ ಕಾಗದಕ್ಕೆ ಎಷ್ಟು ಬೆಲೆ ಅನ್ನುವುದು ಮಾತ್ರ ಈ ಗಲಾಟೆಯಲ್ಲಿ ಅರ್ಥವಾಯಿತು. ಕಬ್ಬು ಮತ್ತು ಜೋಳ ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಒಂದು, ಹುಳ ಕೂರುವ ಬಹುಪಾಲು ಹೂಗಿಡಗಳ ರೀತಿ ಇನ್ನೊಂದು. ಮೊದಲನೆಯದಕ್ಕೆ ಸಿ4 ಅನ್ನುತ್ತಾರೆ, ಎರಡನೆಯದಕ್ಕೆ ಸಿ3. ಜೇನಿಗೆ ಕಬ್ಬಿನ ಸಕ್ಕರೆ ಸೇರಿಸಿದರೆ ಇಂಗಾಲದ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಭತ್ತವೂ ಬೀಟ್‌ರೂಟ್ ಜಾತಿಯೂ ಹೂಗಿಡಗಳ ಗುಂಪಿನವು, ಸಿ3. ಹಾಗಾಗಿ ಅಕ್ಕಿಯಿಂದ ಮಾಡಿದ ಸಿರಪ್ ಆ ಬಲೆಯಿಂದ ಜಾರಿಕೊಂಡಿತು. ಅದಕ್ಕೆ ಇನ್ನೊಂದು ಪರೀಕ್ಷೆ ತಂದರು, ಅದನ್ನೂ ದಾಟುವ ಸಿರಪ್ ಬಂತು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 13 ಬ್ರಾಂಡಿನ 22 ಮಾದರಿಗಳನ್ನು ಪರೀಕ್ಷಿಸಿ, ಜರ್ಮನಿಯಲ್ಲಿ ಎನ್‌ಎಂಆರ್ ಅನ್ನುವ, ಸಿರಪ್ ಬೆರಕೆ ಹಿಡಿಯುವ ಇನ್ನೂ ಸೂಕ್ಷ್ಮವಾದ ಪರೀಕ್ಷೆಯನ್ನೂ ಮಾಡಿಸಿ ಫಲಿತಾಂಶ ಹೇಳಿತು. ಎಲ್ಲ ಪರೀಕ್ಷೆ ದಾಟಿದ್ದು ಐದೇ ಮಾದರಿ. ಕಂಪನಿಗಳು ಒಪ್ಪಲಿಲ್ಲ, ಆ ಜಗಳ ಬೇರೆ.

ಇಲ್ಲಿ ಒಂದು ಹಳೆಯ ಲೆಕ್ಕ ನೆನಪಾಗುತ್ತದೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನುವ ರೋಗ ಬಂದು ಈ ಕಡೆಯ ತುಡುವೆ ಕುಟುಂಬಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ಆಗ ಮಾವನವರ ಪೆಟ್ಟಿಗೆಗಳೂ ಖಾಲಿಯಾದವು. ಕೋಳಿಗೂಡಿನ ಪಕ್ಕ ಅವು ಈಗಲೂ ಒಂದರ ಮೇಲೊಂದು ಬಿದ್ದಿವೆ. ಜೇನು ಸಾಕುವವರು ಭಾಗಮಂಡಲದ ಸುತ್ತ ಇನ್ನೂ ಇದ್ದಾರೆ, ಒಳ್ಳೆಯ ಜೇನೂ ಸಿಗುತ್ತದೆ. ಆದರೆ ಮಡಿಕೇರಿಯಿಂದ ಕುಶಾಲನಗರದವರೆಗೆ ಪ್ರತಿ ಅಂಗಡಿಯ ಪ್ರತಿ ಶೆಲ್ಫಿನಲ್ಲಿ ಸಾಲಾಗಿ ನಿಂತಿರುವ ಇಷ್ಟೊಂದು "ಕೂರ್ಗ್ ಜೇನು" ಕೊಡಲು ಹುಳ ಎಲ್ಲಿದೆ?

ಟೇಬಲ್ ಮೇಲಿನ ಬೇರೆಯವರು

ರಿಪೋರ್ಟ್ ಹಿಡಿದು ಕೂತಾಗ ಒಂದು ಯೋಚನೆ ಬಂತು. ಮನೆಯದೇ ಜೇನು ಪರೀಕ್ಷೆಯಲ್ಲಿ ಬಿತ್ತು. ಹಾಗಾದರೆ ಆ ದಿನ ತಿಂಡಿಗೆ ಇಟ್ಟ ಬೇರೆ ಸಾಮಾನಿನ ಕಥೆ ಏನು? ಅಡುಗೆಮನೆಯ ಕಪಾಟಿನಿಂದ ಎಲ್ಲಾ ಪ್ಯಾಕೆಟ್ ತೆಗೆದು, ಕನ್ನಡಕ ಹಾಕಿಕೊಂಡು, ಸಣ್ಣ ಅಕ್ಷರ ಓದಲು ಶುರುಮಾಡಿದೆ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಮೊಟ್ಟೆ, ತೋಟದ ಕಾಳುಮೆಣಸು ಇವುಗಳ ಬಗ್ಗೆ ತಕರಾರಿಲ್ಲ. ಅಲ್ಲಿಂದ ಮುಂದೆ ನಾಚಿಕೆ.

ನಾವು "ಬೆಣ್ಣೆ" ಅಂತ ಕೊಡುತ್ತಿದ್ದ ಸಣ್ಣ ಡಬ್ಬಿಗಳ ಮೇಲೆ "ಫ್ಯಾಟ್ ಸ್ಪ್ರೆಡ್" ಅಂತ ಇತ್ತು. ತಾಳೆ ಎಣ್ಣೆ, ನೀರು, ಬೆಣ್ಣೆಯ ಪರಿಮಳ. ಬೆಣ್ಣೆ ಅನ್ನಬೇಕಾದರೆ ಹಾಲಿನ ಕೊಬ್ಬು ಶೇಕಡಾ 80 ಆದರೂ ಇರಬೇಕು. ಇದರಲ್ಲಿ ಹಾಲೇ ಇಲ್ಲ. ಈ ವ್ಯವಹಾರ ಹೊಸದೇನಲ್ಲ, 1869ರಲ್ಲೇ ಫ್ರಾನ್ಸಿನಲ್ಲಿ ಬೆಣ್ಣೆಗೆ ಬದಲಿಯಾಗಿ ಮಾರ್ಜರಿನ್ ಮಾಡಿದ್ದರು. ನಮ್ಮಲ್ಲಿ ವನಸ್ಪತಿ (ಎಣ್ಣೆಯಿಂದ ಮಾಡಿದ, ತುಪ್ಪದ ಹಾಗೆ ಕಾಣುವ ಡಾಲ್ಡಾ) ಬಂದಾಗ ಸರಕಾರ ಒಂದು ಚಂದದ ಉಪಾಯ ಮಾಡಿತ್ತು. ವನಸ್ಪತಿಗೆ ಕಡ್ಡಾಯವಾಗಿ ಶೇಕಡಾ 5 ಎಳ್ಳೆಣ್ಣೆ ಸೇರಿಸಬೇಕು ಅಂತ ನಿಯಮ. ಯಾಕೆ ಗೊತ್ತಾ? ಯಾರಾದರೂ ಅದನ್ನು ತುಪ್ಪಕ್ಕೆ ಬೆರೆಸಿದರೆ, ಎಳ್ಳೆಣ್ಣೆಯನ್ನು ಹಿಡಿಯುವ ರಾಸಾಯನಿಕ ಪರೀಕ್ಷೆಯಲ್ಲಿ ತುಪ್ಪ ಕೆಂಪು ಬಣ್ಣಕ್ಕೆ ತಿರುಗಿ ಕಳ್ಳತನ ಹೊರಬೀಳಲಿ ಅಂತ. ಬದಲಿಯ ಹೊಟ್ಟೆಯೊಳಗೇ ಅದರ ಗುರುತು! ನಮ್ಮ ಟೇಬಲ್ ಮೇಲಿದ್ದ ಯಾವುದಕ್ಕೂ ಅಂಥ ಏರ್ಪಾಡು ಇರಲಿಲ್ಲ.

ಜಾಮ್ ಅಂಗಡಿಯದು. ದೊಡ್ಡ ಡಬ್ಬದಿಂದ ತೆಗೆದು ಗಾಜಿನ ಜಾಡಿಗೆ ತುಂಬಿ, ಮೇಲೆ ಚೌಕಳಿ ಬಟ್ಟೆ ಕಟ್ಟಿ, "ಹೋಮ್‌ಮೇಡ್" ಅಂತ ಕೈಬರಹದ ಚೀಟಿ ಅಂಟಿಸಿದ್ದು ನಾನೇ. ಯಾರೋ ಫೋಟೋ ತೆಗೆದು ಹಾಕಿದ್ದಕ್ಕೆ 60 ಲೈಕ್ ಬಂದಿತ್ತು. ಪ್ಯಾನ್‌ಕೇಕ್‌ಗೆ ಹಾಕುತ್ತಿದ್ದ ವೆನಿಲ್ಲಾ ಎಸೆನ್ಸ್ ಬಾಟಲಿಯಲ್ಲಿ ವೆನಿಲ್ಲಾ ಇಲ್ಲ, ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್ ಇದೆ. ಇದು 1874ರಿಂದಲೇ ಇರುವ ನಕಲು. ಇಲ್ಲಿ ನಗು ಬರುವ ವಿಷಯ ಏನಂದ್ರೆ, 2003ರ ಹೊತ್ತಿಗೆ ಕೊಡಗಿನಲ್ಲಿ ವೆನಿಲ್ಲಾ ಹುಚ್ಚು ಹಿಡಿದಿತ್ತು. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸುತ್ತಿದ್ದೆವು. ಕಳ್ಳರು ಬರುತ್ತಾರೆ ಅಂತ ರಾತ್ರಿ ಕಾವಲು ಬೇರೆ. ಆಮೇಲೆ ಬೆಲೆ ಬಿತ್ತು, ಬಳ್ಳಿ ಕಿತ್ತೆವು. ನಾಲ್ಕು ಬಳ್ಳಿ ಇನ್ನೂ ಮರ ತಬ್ಬಿಕೊಂಡಿವೆ. ಅದರ ಕೆಳಗಿನ ಮನೆಯಲ್ಲಿ ಎಸೆನ್ಸ್ ಬಾಟಲಿ.

ಬೀಳ್ಕೊಡುವಾಗ ಕೊಡುತ್ತಿದ್ದ "ಕೂರ್ಗ್ ಹೋಮ್‌ಮೇಡ್ ಚಾಕಲೇಟ್" ಬಗ್ಗೆ ತಂದ ಅಂಗಡಿಯವರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ. "ಕಾಂಪೌಂಡ್ ಮೇಡಂ, ಬ್ಲಾಕ್ ತರಿಸಿ ಕರಗಿಸಿ ಅಚ್ಚಿಗೆ ಹಾಕ್ತೀವಿ" ಅಂದರು. ಕಾಂಪೌಂಡ್ ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು, ಸಾಮಾನ್ಯವಾಗಿ ತಾಳೆ ಬೀಜದ್ದು. ಕೋಕೋ ಬೆಣ್ಣೆ 34 ಡಿಗ್ರಿ ಹತ್ತಿರ ಕರಗುತ್ತದೆ, ಅಂದರೆ ಬಾಯಿಗೆ ಹಾಕಿದ ಕೂಡಲೇ. ಕಾಂಪೌಂಡ್ ಸ್ವಲ್ಪ ಹಠಮಾರಿ. ಬಿಸಿಲಿನ ಕಾರಿನಲ್ಲಿ ಬೆಂಗಳೂರು ತಲುಪಬೇಕಲ್ಲ, ಅವರ ವಾದವೂ ಸುಳ್ಳಲ್ಲ. ಬೇರೆಡೆ ಮಾಡಿದ ಬ್ಲಾಕ್ ತಂದು ಕರಗಿಸಿದ್ದು ಹೋಮ್‌ಮೇಡ್ ಹೇಗಾಗುತ್ತದೆ ಅಂತ ಕೇಳಬೇಕು ಅನ್ನಿಸಿತು. ನನ್ನ ಜಾಮ್ ಜಾಡಿ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಕಾಫಿ. ನಾವು ರೋಬಸ್ಟಾ ಬೆಳೆಯುತ್ತೇವೆ, ಒಣಗಿಸಿ ಮೂಟೆಗಟ್ಟಲೆ ಮಾರುತ್ತೇವೆ. ಅತಿಥಿಗಳಿಗೆ "ನಮ್ಮ ತೋಟದ ಕಾಫಿ" ಅಂತ ಕೊಡುತ್ತಿದ್ದದ್ದು ಪೇಟೆಯಿಂದ ತಂದ ಪುಡಿ. ಪ್ಯಾಕೆಟ್ ಮೇಲೆ ಸ್ಪಷ್ಟವಾಗಿತ್ತು: ಕಾಫಿ 53, ಚಿಕೋರಿ 47. ಕಾನೂನು ಕೇಳುವುದೂ ಅಷ್ಟೇ, ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಎಷ್ಟಿದೆ ಅಂತ ಬರೆದಿರಬೇಕು. ಚಿಕೋರಿಯನ್ನು ನಕಲಿ ಅನ್ನಲು ನನಗೆ ಮನಸ್ಸಿಲ್ಲ. ಅತ್ತೆಗೆ ಚಿಕೋರಿ ಇಲ್ಲದ ಡಿಕಾಕ್ಷನ್ ಕಾಫಿಯೇ ಅಲ್ಲ, "ನೀರು ಬಣ್ಣ ಬಂದ ಹಾಗೆ" ಅನ್ನುತ್ತಾರೆ. ಅದು ಒಂದು ರುಚಿ, ಒಂದು ಅಭ್ಯಾಸ. ಆದರೆ ಕಿಟಕಿಯಾಚೆ ಗಿಡ ತೋರಿಸಿ, ಅರ್ಧ ಬೇರಿನ ಪುಡಿ ಹಾಕಿದ ಲೋಟ ಕೈಗಿಟ್ಟು, ನಾವು ನಗುತ್ತಿದ್ದೆವಲ್ಲ!

ಎಲ್ಲಕ್ಕಿಂತ ಕೆಟ್ಟದ್ದು ಆರೆಂಜ್ ಜ್ಯೂಸ್. ಮೆನುವಿನಲ್ಲಿ "ಫ್ರೆಶ್ ಕೂರ್ಗ್ ಆರೆಂಜ್" ಅಂತ ಇತ್ತು. ಒಳಗಿದ್ದದ್ದು ಪುಡಿ. ಸಕ್ಕರೆ, ಸಿಟ್ರಿಕ್ ಆಸಿಡ್, ಪರಿಮಳ, ಮತ್ತೆ ಐಎನ್‌ಎಸ್ 110 ಅನ್ನುವ ಕಿತ್ತಳೆ ಬಣ್ಣ. ಆ ಬಣ್ಣಕ್ಕೆ ಅನುಮತಿ ಇದೆ, ಮಿತಿಯೂ ಇದೆ, ಅದರಿಂದ ಸಾಮಾನ್ಯವಾಗಿ ಯಾರಿಗೂ ಅಲ್ಲೇ ಏನೂ ಆಗಲ್ಲ. ಆದರೆ ಕೊಡಗಿನ ಕಿತ್ತಳೆ ಅಂದರೆ ಏನು ಅಂತ ಗೊತ್ತಿದ್ದವರು ಹೀಗೆ ಮಾಡಬಾರದಿತ್ತು. ಸಡಿಲ ಸಿಪ್ಪೆ, ಹಸಿರು ಮಿಶ್ರಿತ ಹಳದಿ, ಸಿಹಿಯ ಹಿಂದೆಯೇ ಚುರುಕ್ ಅನ್ನುವ ಹುಳಿ. ಊರಿನ ಹೆಸರಿಗೇ ಕಾನೂನಿನ ರಕ್ಷಣೆ ಕೊಡುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣು. ಒಂದು ಕಾಲಕ್ಕೆ ಕಾಫಿ ಮಧ್ಯೆ ಸಾಲುಸಾಲು ಕಿತ್ತಳೆ ಇತ್ತು. ಗ್ರೀನಿಂಗ್ ರೋಗ ತಗುಲಿ ಎಲೆ ಹಳದಿಯಾಗಿ, ಕೊಂಬೆ ಒಣಗಿ, ಒಂದೊಂದೇ ಹೋದವು. ನಮ್ಮಲ್ಲಿ ಈಗ ಉಳಿದದ್ದು ಆರು ಮರ. ರಸ್ತೆ ಬದಿ "ಕೂರ್ಗ್ ಆರೆಂಜ್" ಅಂತ ಬುಟ್ಟಿಯಲ್ಲಿಟ್ಟು ಮಾರುವುದರಲ್ಲೂ ನಾಗ್ಪುರದ ಹಣ್ಣು ಬೇಕಾದಷ್ಟಿರುತ್ತದೆ. ಹಣ್ಣು ಹೋಯಿತು, ಹೆಸರು ಇನ್ನೂ ದುಡಿಯುತ್ತಿದೆ.

ಮೂರು ಮಾತು, ಒಂದು ಕಾರ್ಡು

ಕಪಾಟು ಖಾಲಿ ಮಾಡಿದ ಮೇಲೆ ನನಗೆ ಹೊಳೆದದ್ದು ಇದು. ನಾವು ಎಲ್ಲದಕ್ಕೂ "ಡೂಪ್ಲಿಕೇಟ್" ಅಂದುಬಿಡುತ್ತೇವೆ. ಕನ್ನಡದಲ್ಲಿ ಅದಕ್ಕೆ ಮೂರು ಬೇರೆ ಬೇರೆ ಮಾತಿದೆ: ಕಲಬೆರಕೆ, ನಕಲಿ, ಬದಲಿ. ಗುಟ್ಟಾಗಿ ಬೆರೆಸಿದರೆ ಕಲಬೆರಕೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಟ್ಟರೆ ನಕಲಿ. "ನಾನು ಅದಲ್ಲ, ಅದರ ಜಾಗಕ್ಕೆ ಬಂದವನು" ಅಂತ ಹೇಳಿಕೊಂಡು ಬಂದರೆ ಬದಲಿ.

ನನ್ನ ಕಪಾಟಿನಲ್ಲಿ ಇದ್ದದ್ದು ಹೆಚ್ಚಾಗಿ ಬದಲಿ. ಪ್ರತಿ ಪ್ಯಾಕೆಟ್ಟೂ ಸಣ್ಣ ಅಕ್ಷರದಲ್ಲಾದರೂ ನಿಜ ಹೇಳುತ್ತಿತ್ತು. ಫ್ಯಾಟ್ ಸ್ಪ್ರೆಡ್ ತನ್ನನ್ನು ಬೆಣ್ಣೆ ಅಂದಿರಲಿಲ್ಲ. ಪುಡಿ ತನ್ನನ್ನು ಜ್ಯೂಸ್ ಅಂದಿರಲಿಲ್ಲ. ಅವು ನಕಲಿಯಾದದ್ದು ನಾನು ಪ್ಯಾಕೆಟ್ ಬಿಚ್ಚಿ, ಬೋಗುಣಿಗೆ ಸುರಿದು, ಮೆನು ಕಾರ್ಡಿನಲ್ಲಿ ಹೆಸರಿಟ್ಟ ಮೇಲೆ. ಹೋಟೆಲು, ಮದುವೆ ಮನೆ, ಬೇಕರಿ, ಎಲ್ಲ ಕಡೆ ಇದೇ ನಡೆಯುವುದು. ತಿನ್ನುವವರ ಕಣ್ಣಿಗೆ ಲೇಬಲ್ ಬೀಳುವುದೇ ಇಲ್ಲ.

ಕಾಯ್ದೆ ತೆರೆದು ನೋಡಿದರೆ ಇನ್ನೊಂದು ತಮಾಷೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಿದರೆ ದಂಡ 3 ಲಕ್ಷದವರೆಗೆ. ನಿಗದಿತ ಗುಣಮಟ್ಟ ಇಲ್ಲದ್ದನ್ನು ಮಾರಿದರೆ 5 ಲಕ್ಷದವರೆಗೆ. ಅಂದರೆ ಕಿತ್ತಳೆಯೇ ಇಲ್ಲದ ನನ್ನ ಜ್ಯೂಸಿಗಿಂತ, ನೀರು ಜಾಸ್ತಿಯಾದ ನನ್ನ ನಿಜವಾದ ಜೇನು ದೊಡ್ಡ ಅಪರಾಧಿ! ಇವರಿಗೆ ಹೇಳಿದೆ. "ಸುಮ್ನೆ ಮಲಗು" ಅಂದರು.

ಆಮೇಲೆ

ಮೆನು ಕಾರ್ಡನ್ನು ಹೊಸದಾಗಿ ಬರೆದೆ. ಮೊದಲ ಸಲ ಅತಿ ಮಾಡಿಬಿಟ್ಟೆ, "ಕಿತ್ತಳೆ ರುಚಿಯ ಪುಡಿ ಪಾನೀಯ" ಅಂತ ಬರೆದೆ. ಎರಡು ವಾರ ಒಬ್ಬರೂ ಕೇಳಲಿಲ್ಲ. ಪುಡಿಯನ್ನೇ ನಿಲ್ಲಿಸಿದೆ. ಬೇಲಿಯ ಮೇಲೆ ಬಿದ್ದು ಹಾಳಾಗುತ್ತಿದ್ದ ಪ್ಯಾಶನ್ ಫ್ರೂಟ್ ಹಿಂಡಿ ಶರಬತ್ತು ಮಾಡಿದೆ. ಇದಕ್ಕೆ ಖರ್ಚು ಸಕ್ಕರೆ ಮತ್ತು ನನ್ನ ಅರ್ಧ ಗಂಟೆ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲ ಅಂತ ಕೇಳಿದರೆ ಉತ್ತರವಿಲ್ಲ. ಬಹುಶಃ ಬೇಲಿಯಲ್ಲಿ ಸಿಗುವುದನ್ನು ಗೆಸ್ಟ್‌ಗಳಿಗೆ ಕೊಡುವುದು ಮರ್ಯಾದೆ ಅಲ್ಲ ಅಂದುಕೊಂಡಿದ್ದೆ.

ಬೆಣ್ಣೆಗೆ ಬೆಣ್ಣೆಯನ್ನೇ ತಂದೆ, ಖರ್ಚು ಏರಿತು. ಇವರು ಲೆಕ್ಕದ ಪುಸ್ತಕ ಎರಡು ಸಲ ತೋರಿಸಿದರು. ಜಾಮ್ ಅದೇ ಅಂಗಡಿಯದು, ಮಕ್ಕಳಿಗೆ ಆ ಕೆಂಪು ಜಾಮೇ ಬೇಕು. ಈಗ ಡಬ್ಬ ಸಮೇತ ಟೇಬಲ್ ಮೇಲಿಡುತ್ತೇನೆ, ಚೌಕಳಿ ಬಟ್ಟೆ ಒರೆಸುವ ಬಟ್ಟೆಯಾಯಿತು. ಚಾಕಲೇಟ್ ಕೊಡುವುದನ್ನು ಬಿಟ್ಟು ಸಣ್ಣ ಪೊಟ್ಟಣದಲ್ಲಿ ಕಾಳುಮೆಣಸು ಕೊಡುತ್ತೇವೆ.

ಕಾಫಿಯ ಕಥೆ ಸ್ವಲ್ಪ ಉದ್ದ. ಒಂದು ಮೂಟೆ ಮಾರದೆ ಉಳಿಸಿಕೊಂಡು, ಮಿಲ್ಲಿನಲ್ಲಿ ಸಿಪ್ಪೆ ತೆಗೆಸಿ, ಮನೆಯಲ್ಲೇ ಬಾಣಲೆಯಲ್ಲಿ ಹುರಿದೆ. ಮೊದಲ ಸಲ ಇದ್ದಿಲಾಯಿತು. ಎರಡನೇ ಸಲ ಹೊರಗೆ ಕಪ್ಪು, ಒಳಗೆ ಹಸಿ. ಮೂರನೇ ಸಲಕ್ಕೆ ಹದ ಬಂತು. ಬರೀ ರೋಬಸ್ಟಾ ಆದ್ದರಿಂದ ಗಡಸು, ಹಾಲು ಜಾಸ್ತಿ ಬೇಕು. ಒಬ್ಬರು ಕುಡಿದು, "ಮುಂಚೆ ಬಂದಾಗ ನಿಮ್ಮ ತೋಟದ ಕಾಫಿ ಇನ್ನೂ ಚೆನ್ನಾಗಿತ್ತು ಆಂಟಿ, ಈಗ ಯಾಕೆ ಬದಲಾಯಿಸಿದ್ರಿ?" ಅಂದರು. ಅತ್ತೆ ಒಳಗಿನಿಂದಲೇ ನಕ್ಕರು. ಅವರ ಲೋಟಕ್ಕೆ ಈಗಲೂ ಬೇರೆ ಡಬ್ಬಿ, ಚಿಕೋರಿ ಸಮೇತ.

ಜೇನನ್ನು ಮೇ ತನಕ ಟೇಬಲ್ ಮೇಲಿಡಲಿಲ್ಲ, ಮನೆಯವರೇ ತಿಂದು ಮುಗಿಸಿದೆವು. ಈ ಸಲ ಎರಿಯ ಕಣಗಳು ಪೂರ್ತಿ ಮುಚ್ಚುವವರೆಗೆ ಕಾದೆವು. ಕಾಯುತ್ತಾ ಕಾಯುತ್ತಾ ಮಳೆ ಶುರುವಾಯಿತು, ಹುಳಗಳೇ ಒಂದಷ್ಟು ತಿಂದವು. ಹೋದ ಸಲ ಹನ್ನೊಂದು ಬಾಟಲಿ ಆಗಿತ್ತು, ಈಗ ನಾಲ್ಕು. ತೇವಾಂಶ 19.6.

ರಿವ್ಯೂಗೆ ಉತ್ತರವನ್ನು ಏಪ್ರಿಲ್‌ನಲ್ಲೇ ಹಾಕಿದ್ದೆ. ಮೊದಲು ಬರೆದದ್ದು ಒಂದು ಪುಟ ಇತ್ತು, ಗ್ಲೂಕೋಸ್, ತುಡುವೆ, ಸಿ3, ಸಿ4 ಎಲ್ಲಾ ಸೇರಿಸಿ. ಇವರು ಓದಿ, "ಇರೋ ಬುಕಿಂಗೂ ಹೋಗುತ್ತೆ" ಅಂದರು. ಅಳಿಸಿ ಚಿಕ್ಕದಾಗಿ ಬರೆದೆ: "ಸರ್, ಜೇನು ನಮ್ಮ ಪೆಟ್ಟಿಗೆಯದೇ. ತಳದಲ್ಲಿದ್ದದ್ದು ಚಳಿಗೆ ಕಟ್ಟಿದ ಹರಳು. ಆದರೆ ಅದನ್ನು ಅವಸರದಲ್ಲಿ ತೆಗೆದದ್ದು ನಮ್ಮ ತಪ್ಪು. ಇನ್ನೊಂದು ವಿಷಯ, ಆ ದಿನ ನಿಮ್ಮ ಮಗಳು ಎರಡು ಸಲ ಹಾಕಿಸಿಕೊಂಡ ಆರೆಂಜ್ ಜ್ಯೂಸಿನಲ್ಲಿ ಕಿತ್ತಳೆ ಇರಲಿಲ್ಲ. ಅದಕ್ಕೆ ಕ್ಷಮಿಸಿ."

ಅವರು ಉತ್ತರ ಕೊಟ್ಟಿಲ್ಲ. ಸ್ಟಾರ್ ಇನ್ನೂ ಒಂದೇ ಇದೆ.